ವಿಷವೆಂದು ತಿಳಿಯುವ ಬಗೆ

ಬೈಲಹೊಂಗಲ, ಸವದತ್ತಿ, ರಾಮದುರ್ಗದ ಎರೆ ಹೊಲಗಳಲ್ಲಿ ಹತ್ತಿ ಬೆಳೆದ ಹಿರಿಯರಿಗೆ ಎಂಡೋಸಲ್ಫಾನ್ ಅಪರಿಚಿತ ಹೆಸರೇನಲ್ಲ. ಕಾಯಿಕೊರಕ ಬಿತ್ತೆಂದರೆ ‘ಎಣ್ಣೆ ಹೊಡೆಯುವುದು’ ಇಲ್ಲಿನ ರೂಢಿಯ ಮಾತು. ವಿಷಕ್ಕೆ ಎಣ್ಣೆಯೆಂಬ ಸೌಮ್ಯ ಹೆಸರು ಅದು ಹೇಗೆ ಅಂಟಿತೋ! ಎಣ್ಣೆ ಹುಳುವನ್ನು ಕೊಲ್ಲುತ್ತದೆಂಬುದು ಬೇಗನೆ ತಿಳಿಯುತ್ತದೆ. ಮನುಷ್ಯನಿಗೆ ಅದು ಮೆಲ್ಲಗೆ ಏನು ಮಾಡುತ್ತದೆಂದು ತಿಳಿಯಲು ದಶಕಗಳೇ ಬೇಕಾದವು.

ಒಮ್ಮೆಲೇ ಕೊಲ್ಲುವ ವಿಷವನ್ನು ಗುರುತಿಸುವುದು ಸುಲಭ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಬೆರೆತ ಆಹಾರದಿಂದ ನೂರಕ್ಕೂ ಹೆಚ್ಚು ಜನ ಸತ್ತರು. 1968ರ ಕೀಟನಾಶಕ ಕಾಯ್ದೆಗೆ ಆ ದುರಂತವೇ ಪ್ರೇರಣೆ. ವರ್ಷಗಟ್ಟಲೆ ತೊಟ್ಟು ತೊಟ್ಟಾಗಿ ಮೈಸೇರುವ ವಿಷದ ಕತೆ ಬೇರೆ. ಇಲಿಗೆ ತಿನ್ನಿಸಿ ನೋಡಬಹುದು, ಮನುಷ್ಯನಿಗೆ ತಿನ್ನಿಸಲಾಗದು.

ಅನುಮಾನವೇ ಸಾಕ್ಷ್ಯವಾಗದು ಎಂಬುದಕ್ಕೆ ಸಾಗರ ತಾಲ್ಲೂಕಿನ ಹಂದಿಗೋಡು ಸಾಕ್ಷಿ. 1970ರ ದಶಕದಲ್ಲಿ ಅಲ್ಲಿನ ಬಡ ಕೂಲಿಕಾರರಲ್ಲಿ ಸೊಂಟ, ಮಂಡಿಯ ಕೀಲುಗಳು ನೋಯುತ್ತ ಬಾಗಿ, ನಡೆಯಲಾರದ ಸ್ಥಿತಿ ಬಂತು. ಔಷಧ ಹೊಡೆದ ಗದ್ದೆಯ ಏಡಿ ತಿಂದದ್ದೇ ಕಾರಣವೆಂಬ ಶಂಕೆ ಹುಟ್ಟಿತು. ಆದರೆ ತಜ್ಞರು ಮನೆತನಗಳ ವಂಶಾವಳಿ ಬರೆದು ನೋಡಿದಾಗ ಕಾಯಿಲೆ ಹೆತ್ತವರಿಂದ ಮಕ್ಕಳಿಗೆ ದಾಟುವ ಅನುವಂಶೀಯ ಮೂಳೆರೋಗವೆಂದು ಕಂಡಿತು.

ಕಾಸರಗೋಡಿನಲ್ಲಿ ನಡೆದದ್ದು ಇದಕ್ಕೆ ತಿರುವುಮುರುವು. ಅಲ್ಲಿನ ಸರ್ಕಾರಿ ಗೇರು ತೋಟಗಳ ಮೇಲೆ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಎಣ್ಮಕಜೆ ಪಂಚಾಯಿತಿಯ ಪಡ್ರೆಯಲ್ಲಿ ಪತ್ರಕರ್ತ ಶ್ರೀಪಡ್ರೆ 1980ರ ದಶಕದ ಆರಂಭದಲ್ಲೇ ವಿರೂಪಗೊಂಡ ಕರುಗಳ ಬಗ್ಗೆ ಬರೆದರು. ಅದೇ ಊರಿನ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮ ರೋಗಿಗಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಕ್ಯಾನ್ಸರ್ ಮಿತಿಮೀರಿ ಕಾಣುತ್ತಿರುವುದನ್ನು ಗುರುತಿಸಿದರು. ಹಳ್ಳಿ ವೈದ್ಯರ ಮಾತಿಗೆ ಅಧಿಕಾರಿಗಳು ಬೆಲೆ ಕೊಡಲು ತಡವಾಯಿತು.

ಕೊನೆಗೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಬಂತು. ಅದು ಹಿಡಿದ ದಾರಿ ಸರಳ: ತೋಟದ ಬುಡದ ಊರಿನ 117 ಹುಡುಗರು, ಸಿಂಪಡಣೆ ಕಾಣದ ಊರಿನ 90 ಹುಡುಗರು, ಎಲ್ಲರೂ 10ರಿಂದ 19ರ ವಯಸ್ಸಿನವರು. ತೋಟದ ಬದಿಯವರ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಿತ್ತು, ಪ್ರೌಢತೆ ತಡವಾಗಿತ್ತು. ಹೋಲಿಕೆಗೆಂದು ಆರಿಸಿದ ಕೆಲ ಹುಡುಗರಲ್ಲೂ ಅದರ ಅಂಶ ಸಿಕ್ಕಿತೆಂಬುದು ಗಮನಿಸತಕ್ಕದ್ದು.

ನಮ್ಮ ಹತ್ತಿ ಸೀಮೆಯಲ್ಲಿ ಇಂಥ ಹೋಲಿಕೆ ಇನ್ನೂ ಕಷ್ಟ. ಒಬ್ಬೊಬ್ಬ ರೈತ ಒಂದೊಂದು ಎಣ್ಣೆ ಹೊಡೆಯುವಲ್ಲಿ ಯಾವುದನ್ನೂ ಕಾಣದ ಊರನ್ನು ಎಲ್ಲಿ ಹುಡುಕುವುದು? ಕಾಸರಗೋಡಿನಲ್ಲಿ ಇದ್ದದ್ದು ಒಂದೇ ವಿಷ, ಒಂದೇ ತೋಟ, ಇಪ್ಪತ್ತು ವರ್ಷ.

ಅಷ್ಟಾದರೂ ವಿವಾದ ಮುಗಿಯಲಿಲ್ಲ. 2003ರಲ್ಲಿ ಕೇಂದ್ರ ನೇಮಿಸಿದ್ದ ದುಬೆ ಸಮಿತಿ ಕಾಯಿಲೆಗೂ ಎಂಡೋಸಲ್ಫಾನಿಗೂ ಸಂಬಂಧ ಕಾಣುವುದಿಲ್ಲವೆಂದಿತು. ಇತ್ತ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಗಳಿಂದಲೂ ಇದೇ ಗೋಳು ಕೇಳಿಬಂತು. 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ತಯಾರಿಕೆ, ಮಾರಾಟಕ್ಕೆ ತಡೆ ನೀಡಿತು. ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿಯನ್ನು ಮೂರು ತಿಂಗಳಲ್ಲಿ ಕೊಡುವಂತೆ 2017ರ ಜನವರಿಯಲ್ಲಿ ಅದೇ ನ್ಯಾಯಾಲಯ ಕೇರಳಕ್ಕೆ ಆದೇಶಿಸಿತು. 2022ರ ಮೇ ತಿಂಗಳಲ್ಲಿ ವಿಚಾರಣೆ ನಡೆದಾಗ, ಹಣ ಸಿಕ್ಕಿದ್ದು ಮತ್ತೆ ನ್ಯಾಯಾಲಯದ ಮೆಟ್ಟಿಲೇರಿದ ಎಂಟು ಮಂದಿಗೆ ಮಾತ್ರ.