ತುಮಕೂರು ಜಿಲ್ಲೆಯಲ್ಲಿ ಹುಣಸೆಯ ಸಾಂಪ್ರದಾಯಿಕ ಬಳಕೆ

ಹುಣಸೆಯು ಫ್ಯಾಬೇಸಿ ಕುಟುಂಬಕ್ಕೆ ಸೇರಿದ, ದೀರ್ಘಕಾಲ ಬಾಳುವ ಹಣ್ಣಿನ ಮರ. ಇದರ ವೈಜ್ಞಾನಿಕ ಹೆಸರು ಟ್ಯಾಮರಿಂಡಸ್ ಇಂಡಿಕಾ. ಉಷ್ಣವಲಯದ ಆಫ್ರಿಕಾ ಇದರ ಮೂಲ ನೆಲೆ. ಪ್ರಾಚೀನ ಕಾಲದಲ್ಲಿಯೇ ಭಾರತಕ್ಕೆ ಬಂದು ಇಲ್ಲಿನದೇ ಮರವೆಂಬಂತೆ ನೆಲೆಸಿದೆ. ಅರಬ್ಬರು ಇದನ್ನು 'ತಮರ್ ಹಿಂದಿ', ಅಂದರೆ ಭಾರತದ ಖರ್ಜೂರ ಎಂದು ಕರೆದರು. 1753ರಲ್ಲಿ ಲಿನೇಯಸ್ ನೀಡಿದ ವೈಜ್ಞಾನಿಕ ಹೆಸರಿಗೂ ಇದೇ ಮೂಲ. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಹೊಲದ ಬದು, ಕೆರೆಯ ಅಂಚು ಹಾಗೂ ರಸ್ತೆಯ ಬದಿಗಳಲ್ಲಿ ಇದು ಕಾಣಸಿಗುತ್ತದೆ.

ಕೊಯ್ಲು ಮತ್ತು ಮಾರಾಟ

ಹಣ್ಣು ಬೇಸಿಗೆಯ ಆರಂಭದಲ್ಲಿ ಕೊಯ್ಲಿಗೆ ಬರುತ್ತದೆ. ಸಾರ್ವಜನಿಕ ಸ್ಥಳದ ಮರಗಳ ಫಸಲನ್ನು ಹರಾಜು ಹಾಕುವ ರೂಢಿಯುಂಟು. ಮರವೇರಿ ಕೊಂಬೆ ಬಡಿದು ಹಣ್ಣು ಉದುರಿಸುವುದು ಅಪಾಯದ ಕೆಲಸ. ಸಿಪ್ಪೆ ಸುಲಿದು, ಜಜ್ಜಿ, ಬೀಜ ಮತ್ತು ನಾರನ್ನು ಬೇರ್ಪಡಿಸುವ ಕೆಲಸ ಹೆಚ್ಚಾಗಿ ಮಹಿಳೆಯರದು. ತುಮಕೂರಿನ ಎಪಿಎಂಸಿ ಮಾರುಕಟ್ಟೆಯು ಹುಣಸೆ ವಹಿವಾಟಿಗೆ ಹೆಸರಾಗಿದೆ.

ಆಹಾರ

ಬೀಜ ತೆಗೆದ ಹಣ್ಣಿಗೆ ಉಪ್ಪು ಬೆರೆಸಿ, ಜಾಡಿಯಲ್ಲಿ ತುಂಬಿ ವರ್ಷವಿಡೀ ಬಳಸುತ್ತಾರೆ. ಮುದ್ದೆಯ ಜೊತೆಗಿನ ಸಾರು, ಪುಳಿಯೋಗರೆಯ ಗೊಜ್ಜು ಮೊದಲಾದವುಗಳಿಗೆ ಇದು ಬೇಕೇ ಬೇಕು. ಎಳೆಯ ಚಿಗುರಿನಿಂದ ಸಾರು, ಚಟ್ನಿಗಳನ್ನೂ, ಕಾಯಿಯಿಂದ ತೊಕ್ಕನ್ನೂ ಮಾಡುತ್ತಾರೆ. ಹಣ್ಣಿಗೆ ಬೆಲ್ಲ, ಜೀರಿಗೆ, ಉಪ್ಪು, ಮೆಣಸಿನಕಾಯಿ ಸೇರಿಸಿ ಕುಟ್ಟಿದ ಚಿಗಳಿ ಮಕ್ಕಳಿಗೆ ಅಚ್ಚುಮೆಚ್ಚು. ಹುಳಿಗೆ ಮುಖ್ಯ ಕಾರಣ ಟಾರ್ಟಾರಿಕ್ ಆಮ್ಲ.

ಇತರ ಬಳಕೆಗಳು

* ಹಣ್ಣು: ತಾಮ್ರ, ಹಿತ್ತಾಳೆ ಪಾತ್ರೆಗಳನ್ನು ಬೆಳಗಲು. ಇದರ ಆಮ್ಲವು ಲೋಹದ ಮೇಲಿನ ಕಿಲುಬನ್ನು ಕರಗಿಸುತ್ತದೆ.
* ಬೀಜ: ಅಳಗುಳಿಮಣೆ, ಚೌಕಾಬಾರದಂತಹ ಆಟಗಳಿಗೆ. ಬೀಜದ ಗಂಜಿಯನ್ನು ಕಂಬಳಿ ನೇಯುವವರು ಉಣ್ಣೆಯ ಹಾಸುನೂಲಿಗೆ ಸವರಿ ಗಟ್ಟಿಗೊಳಿಸುತ್ತಾರೆ.
* ಎಲೆ: ಬೇಯಿಸಿ, ಉಳುಕಿದ ಜಾಗಕ್ಕೆ ಕಟ್ಟುವುದು ಮನೆಮದ್ದು.
* ಮರ: ಗಾಣ, ಒನಕೆ, ಕೊಡತಿ ಹಾಗೂ ಮಾಂಸ ಕಡಿಯುವ ಕೊರಡಿಗೆ.

ನಂಬಿಕೆ

ಹುಣಸೆ ಮರದಲ್ಲಿ ದೆವ್ವ ವಾಸಿಸುತ್ತದೆ, ರಾತ್ರಿ ಅದರ ಕೆಳಗೆ ಮಲಗಬಾರದು ಎಂಬ ನಂಬಿಕೆ ವ್ಯಾಪಕವಾಗಿದೆ. 'ಹುಣಸೆ ಮುಪ್ಪಾದರೆ ಹುಳಿ ಮುಪ್ಪೇ' ಎಂಬ ಗಾದೆ ಪ್ರಸಿದ್ಧ.

ಸಂರಕ್ಷಣೆ

ರಸ್ತೆ ವಿಸ್ತರಣೆಯಾದಲ್ಲಿ ಹಳೆಯ ಸಾಲುಮರಗಳು ಕಡಿತಕ್ಕೆ ಒಳಗಾಗುತ್ತವೆ. ಬೀಜದಿಂದ ಬೆಳೆದ ಗಿಡ ಫಲ ಕೊಡಲು ಹಲವು ವರ್ಷಗಳು ಬೇಕಾಗುವುದರಿಂದ ಈ ನಷ್ಟ ಬೇಗ ತುಂಬುವುದಿಲ್ಲ. ಕಸಿ ಗಿಡಗಳು ಬೇಗ ಫಲಿಸುತ್ತವೆ. ತುಮಕೂರು ಬಳಿಯ ಹಿರೇಹಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರವು ರೈತರ ಜಮೀನಿನಲ್ಲಿದ್ದ 'ಲಕ್ಷಮಣ' ಎಂಬ ಉತ್ತಮ ತಳಿಯನ್ನು ಗುರುತಿಸಿದೆ. ದೇವನಹಳ್ಳಿ ಸಮೀಪದ ನಲ್ಲೂರಿನ ಪುರಾತನ ಹುಣಸೆ ತೋಪನ್ನು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ದೇಶದಲ್ಲಿ ಈ ಮಾನ್ಯತೆ ಪಡೆದ ಮೊದಲ ತಾಣವಿದು.