ರೇಡಿಯಂ ಅಂಗಡಿಯಿಂದ ಡೆಸ್ಕ್‌ಟಾಪ್ ಪರದೆಗೆ

ಒಂದು ಬಣ್ಣ, ನಾಲ್ಕು ಗೆರೆ, ಉಳಿದದ್ದೆಲ್ಲ ಖಾಲಿ ಜಾಗ. ಇಂಥ ವಾಲ್‌ಪೇಪರ್‌ಗಳ ಚರಿತ್ರೆಯನ್ನು ಸಾಮಾನ್ಯವಾಗಿ ಅಮೆರಿಕದ ಕಂಪನಿಗಳಿಂದ ಶುರು ಮಾಡುತ್ತಾರೆ. ಬೆಂಗಳೂರಿನ ಪಶ್ಚಿಮಕ್ಕೆ ಈ ಕಸುಬು ಬಂದ ದಾರಿಯೇ ಬೇರೆ. ರಾಜಾಜಿನಗರ, ವಿಜಯನಗರ, ಮಾಗಡಿ ರಸ್ತೆಯ ಡಿಟಿಪಿ ಸೆಂಟರುಗಳಲ್ಲಿ, ಲಗ್ನಪತ್ರಿಕೆ ಅಂಗಡಿಗಳಲ್ಲಿ, ರೇಡಿಯಂ ಸ್ಟಿಕ್ಕರ್ ಕತ್ತರಿಸುವ ಚಿಕ್ಕ ಮಳಿಗೆಗಳಲ್ಲಿ ನಮ್ಮ ಹುಡುಗರು ವೆಕ್ಟರ್ ಗೆರೆ ಎಳೆಯುವುದನ್ನು ಕಲಿತರು. ಅವರ ಕೈಗೆ ಮೊದಲು ಸಿಕ್ಕಿದ್ದು ಅಕ್ಷರ, ಚಿತ್ರ ಆಮೇಲೆ ಬಂತು. ಇವತ್ತಿನ ಕನ್ನಡ ವಾಲ್‌ಪೇಪರ್‌ಗಳ ಬಲವೂ ಅಲ್ಲೇ ಇದೆ ಎಂದು ನಾನು ನಂಬಿದ್ದೇನೆ.

ವೆಕ್ಟರ್ ಚಿತ್ರದ ಕಡತದಲ್ಲಿ ಬಣ್ಣದ ಚುಕ್ಕಿಗಳ ರಾಶಿ ಇರುವುದಿಲ್ಲ. ಗೆರೆ ಎಲ್ಲಿ ಹುಟ್ಟುತ್ತದೆ, ಎಲ್ಲಿ ಮುಗಿಯುತ್ತದೆ, ನಡುವೆ ಯಾವ ಕಡೆ ಬಾಗುತ್ತದೆ ಎಂಬ ಲೆಕ್ಕವಷ್ಟೇ ಇರುತ್ತದೆ. ಈ ಲೆಕ್ಕ ಹುಟ್ಟಿದ್ದು ಫ್ರಾನ್ಸಿನ ಕಾರು ಕಾರ್ಖಾನೆಗಳಲ್ಲಿ: 1959ರಲ್ಲಿ ಸಿತ್ರೊಯೆನ್‌ನ ಪಾಲ್ ದ ಕಾಸ್ತೆಲ್ಜೊ, 1960ರ ದಶಕದಲ್ಲಿ ರೆನೊದ ಪಿಯರ್ ಬೆಜಿಯೆ. 1984ರ ಪೋಸ್ಟ್‌ಸ್ಕ್ರಿಪ್ಟ್ ಅದನ್ನು ಮುದ್ರಣಕ್ಕೆ ತಂದಿತು. 1987ರಲ್ಲಿ ಅಡೋಬಿ ಇಲ್ಲಸ್ಟ್ರೇಟರ್, 1989ರಲ್ಲಿ ಕೋರೆಲ್ ಡ್ರಾ ಬಂದವು. ನಮ್ಮ ಬೀದಿಗಳಲ್ಲಿ ಗೆದ್ದದ್ದು ಕೋರೆಲ್. ಇಂದಿಗೂ ಎಷ್ಟೋ ಅಂಗಡಿಗಳಲ್ಲಿ ವಿನ್ಯಾಸ ಮಾಡುವುದಕ್ಕೆ 'ಕೋರೆಲ್ ಕೆಲಸ' ಎಂದೇ ಹೆಸರು.

ಪರದೆಯ ಹಿನ್ನೆಲೆಗೆ ಆಗ ಅಷ್ಟು ಭಾಗ್ಯವಿರಲಿಲ್ಲ. 1990ರ ವಿಂಡೋಸ್ 3.0 ವಾಲ್‌ಪೇಪರ್ ಹಾಕಿಕೊಳ್ಳಲು ಬಿಟ್ಟಿತಾದರೂ ಮೆಮೊರಿ ಕಡಿಮೆಯಿದ್ದುದರಿಂದ ಸಣ್ಣ ಬಿಟ್‌ಮ್ಯಾಪ್ ತುಂಡೊಂದನ್ನು ಹೆಂಚಿನಂತೆ ಸಾಲಾಗಿ ಹೊದಿಸುವುದೇ ರೂಢಿ. 2001ರ ವಿಂಡೋಸ್ ಎಕ್ಸ್‌ಪಿ ಬಂದ ಮೇಲೆ ಚಾರ್ಲ್ಸ್ ಓರಿಯರ್ ತೆಗೆದ ಹಸಿರು ಗುಡ್ಡ, ನೀಲಿ ಆಕಾಶದ ಫೋಟೊ ಸೈಬರ್ ಕೆಫೆಗಳನ್ನೆಲ್ಲ ಆಳಿತು. ಸಪಾಟು ಬಣ್ಣಕ್ಕೆ ಮರ್ಯಾದೆ ಬಂದದ್ದು ಅದಕ್ಕೂ ತಡವಾಗಿ, 2012ರ ವಿಂಡೋಸ್ 8 ಮತ್ತು 2013ರ ಐಒಎಸ್ 7 ನೆರಳು, ಹೊಳಪುಗಳನ್ನು ಕಿತ್ತುಹಾಕಿದಾಗ.

ಅಷ್ಟು ಹೊತ್ತಿಗೆ ನಮ್ಮವರು ಗೆರೆ ಕಳೆಯುವ ವಿದ್ಯೆಯಲ್ಲಿ ಪಳಗಿದ್ದರು. ಅದಕ್ಕೆ ಕಾರಣ ಕನ್ನಡ ಫಾಂಟುಗಳ ಪಾಡು. ಕೆ.ಪಿ. ರಾವ್ ಅವರಂಥವರು ಕನ್ನಡ ಲಿಪಿಯನ್ನು ಗಣಕಕ್ಕೆ ತಂದರು, ಅವರ ಕೀಲಿಮಣೆ ವಿನ್ಯಾಸವೇ ಮುಂದೆ 'ನುಡಿ' ತಂತ್ರಾಂಶಕ್ಕೆ ಆಧಾರವಾಯಿತು. ಪ್ರಕಾಶಕ್, ಶ್ರೀಲಿಪಿ, ಆಕೃತಿ, 1998ರ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ, ಹೀಗೆ ಸಾಲಾಗಿ ತಂತ್ರಾಂಶಗಳು ಬಂದವು. 1991ರ ಮೊದಲ ಯುನಿಕೋಡ್ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿದ್ದರೂ ಮುದ್ರಣದ ಅಂಗಡಿಗಳಲ್ಲಿ ದಶಕಗಳ ಕಾಲ ನಡೆದದ್ದು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟುಗಳೇ. ಒಂದು ಅಂಗಡಿಯಲ್ಲಿ ಕೂಡಿಸಿದ ಮದುವೆ ಪತ್ರಿಕೆಯನ್ನು ಇನ್ನೊಂದು ಕಡೆ ತೆರೆದರೆ ವಧೂವರರ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಆದ್ದರಿಂದ ಪ್ರೆಸ್ಸಿನವರು ತಪ್ಪದೆ ಹೇಳುತ್ತಿದ್ದ ಮಾತು: 'ಕರ್ವ್ ಮಾಡಿ ಕಳಿಸಿ.' ಕೋರೆಲ್‌ನಲ್ಲಿ ಕಂಟ್ರೋಲ್ ಕ್ಯೂ ಒತ್ತಿದರೆ ಅಕ್ಷರ ಅಕ್ಷರವಾಗಿ ಉಳಿಯುವುದಿಲ್ಲ, ನೋಡ್‌ಗಳಿರುವ, ಅಂದರೆ ಗೆರೆಯನ್ನು ಹಿಡಿದಿಡುವ ಬಿಂದುಗಳಿರುವ ಆಕಾರವಾಗುತ್ತದೆ. ಅಲ್ಲಿಂದ ಮುಂದೆ ತಲೆಕಟ್ಟನ್ನು ಎಳೆಯಬಹುದು, ಒತ್ತಕ್ಷರವನ್ನು ಮೇಲಿನ ಅಕ್ಷರದ ಹೊಟ್ಟೆಗೆ ಸೇರಿಸಬಹುದು, ಕೊಂಬನ್ನು ಬಳ್ಳಿಯಾಗಿಸಬಹುದು. ಕಷ್ಟಕ್ಕೆ ಕಲಿತ ಈ ಒಂದು ಕ್ರಿಯೆ ಸಾವಿರಾರು ಜನರಿಗೆ ಲಿಪಿಯನ್ನು ಗೆರೆಯಾಗಿ ನೋಡಲು ಕಲಿಸಿತು. ಯಾವ ಕಲಾಶಾಲೆಯೂ ಅಷ್ಟು ಜನರನ್ನು ಮುಟ್ಟಿರಲಾರದು.

ರೇಡಿಯಂ ಅಂಗಡಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಪ್ಲಾಟರ್ ಯಂತ್ರದ ಅಲಗು ವೆಕ್ಟರ್ ಗೆರೆಯನ್ನೇ ಹಿಡಿದು ಸ್ಟಿಕ್ಕರ್ ಹಾಳೆಯನ್ನು ಕೊಯ್ಯುತ್ತದೆ. ಬೇಡದ ನೋಡ್‌ಗಳು ಜಾಸ್ತಿಯಾದರೆ ಅಲಗು ತಡವರಿಸುತ್ತದೆ, ಮೂಲೆ ಹರಿಯುತ್ತದೆ. ಬಿಡಿಬಿಡಿ ಚೂರುಗಳಿದ್ದರೆ ಅಂಟಿಸುವಾಗ ಒಂದೊಂದೂ ಉದುರುತ್ತದೆ. ಹಾಗಾಗಿ ಮುಖವೊಂದನ್ನು ಕತ್ತರಿಸುವವನು ಯಾವ ಗೆರೆ ಇಲ್ಲದಿದ್ದರೂ ಆಳು ಗುರುತು ಸಿಗುತ್ತಾನೆ ಎಂದು ಯೋಚಿಸಲೇಬೇಕು. ಆಟೊಗಳ ಹಿಂದಿನ ಶಂಕರ್‌ನಾಗ್ ಚಿತ್ರ ನೋಡಿ. ಕಣ್ಣಿನ ರೆಪ್ಪೆ, ತುಟಿಯ ಅಂಚು ಎಲ್ಲ ಹೋಗಿ ಕೂದಲು, ಗಡ್ಡ, ಅರ್ಧ ನೆರಳಿನ ಕೆನ್ನೆ ಮಾತ್ರ ಉಳಿದಿವೆ. 'ಆಟೋ ರಾಜ' ತೆರೆಗೆ ಬಂದದ್ದು 1980ರಲ್ಲಿ, ಆ ಮುಖ ಇನ್ನೂ ಒಂದೇ ಬಣ್ಣದಲ್ಲಿ ರಸ್ತೆ ಮೇಲೆ ಓಡಾಡುತ್ತಿದೆ. ಉಡುಪಿ ಕಡೆಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ರೇಖಾಚಿತ್ರದಲ್ಲಿ ಸಾಧಿಸಿದ ಮಿತವ್ಯಯಕ್ಕೆ ಈ ಹುಡುಗರು ಅಲಗಿನ ಒತ್ತಾಯದಿಂದಲೇ ಹತ್ತಿರ ಬಂದರು ಎಂದರೆ ಉತ್ಪ್ರೇಕ್ಷೆಯಲ್ಲ. ವಾಹನಗಳಿಗೆ ಎಚ್‌ಎಸ್‌ಆರ್‌ಪಿ ಎಂಬ ಅತಿ ಸುರಕ್ಷಿತ ನೋಂದಣಿ ಫಲಕ ಬಂದ ಮೇಲೆ ನಂಬರ್ ಪ್ಲೇಟಿನ ಕೆಲಸ ಕೈತಪ್ಪಿದ್ದು ಈ ಕಸುಬಿಗೆ ಬಿದ್ದ ದೊಡ್ಡ ಪೆಟ್ಟು. ಅದನ್ನು ನೆನೆದರೆ ನನಗೆ ಬೇಸರವಾಗುತ್ತದೆ.

ಇದೇ ಶೈಲಿ ಪರದೆಗೆ ಹರಿದದ್ದನ್ನು ಎಲ್ಲರೂ ಕಂಡದ್ದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ. 2021ರ ಅಕ್ಟೋಬರ್ 29ರ ಸಾವು, ನಗರದ ಇದೇ ದಿಕ್ಕಿನ ಕಂಠೀರವ ಸ್ಟುಡಿಯೊದಲ್ಲಿ ತಂದೆಯ ಸಮಾಧಿಯ ಹತ್ತಿರವೇ ಅಂತ್ಯಸಂಸ್ಕಾರ, ಮರುದಿನವೇ ರಾಜ್ಯೋತ್ಸವ. ಆ ವಾರ ಫೋನು, ಲ್ಯಾಪ್‌ಟಾಪುಗಳ ಮೇಲೆ ಕಪ್ಪು ಹಿನ್ನೆಲೆಯ ನಗುವಿನ ಗೆರೆಗಳು ತುಂಬಿಕೊಂಡವು. ಎಷ್ಟೋ ಚಿತ್ರಗಳಲ್ಲಿ 'ಅಪ್ಪು' ಎಂಬ ಎರಡಕ್ಷರವೇ ಮುಖದ ಭಾಗವಾಗಿತ್ತು. ದುಃಖದಲ್ಲಿ ಜನ ಆರಿಸಿಕೊಂಡದ್ದು ಅತಿ ಕಡಿಮೆ ಗೆರೆಯ ಚಿತ್ರಗಳನ್ನು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ.

ರಾಜ್ಯೋತ್ಸವದ ವಾಲ್‌ಪೇಪರ್‌ಗಳ ಬಗ್ಗೆ ಅದೇ ಮಾತು ಹೇಳಲಾರೆ. 1960ರ ದಶಕದಲ್ಲಿ ಮ. ರಾಮಮೂರ್ತಿ ಕೊಟ್ಟ ಬಾವುಟದಲ್ಲಿ ಇರುವುದು ಎರಡೇ ಪಟ್ಟಿ, ಅರಿಶಿನ ಮತ್ತು ಕುಂಕುಮ. ಇಷ್ಟು ಸರಳವಾದದ್ದು ಕೈಯಲ್ಲಿದ್ದೂ ನವೆಂಬರ್ ಬಂದರೆ ಭೂಪಟ, ಭುವನೇಶ್ವರಿ, ವಿಧಾನಸೌಧ, ಮೈಸೂರು ಅರಮನೆ, ಜೋಗ ಎಲ್ಲವನ್ನೂ ಒಂದೇ ಚೌಕಟ್ಟಿಗೆ ತುರುಕುತ್ತೇವೆ. ಅದರ ಮೇಲೆ ಐಕಾನುಗಳು ಬಂದು ಕೂತರೆ ಏನೂ ಕಾಣುವುದಿಲ್ಲ. ಅಪಾರ ಅವರು ಮಾಡುವ ಕನ್ನಡ ಪುಸ್ತಕಗಳ ಮುಖಪುಟಗಳನ್ನು ನೋಡಿದವರಿಗೆ ಖಾಲಿ ಜಾಗದ ಬೆಲೆ ಗೊತ್ತು. ಅದು ಪರದೆಗೂ ಬರಬೇಕು.

ಸಾಧನ ಈಗ ಎಲ್ಲರ ಕೈಗೆಟಕುತ್ತದೆ. 2001ರಲ್ಲಿ ಎಸ್‌ವಿಜಿ ಎಂಬ ವೆಕ್ಟರ್ ಕಡತದ ಮಾದರಿ ಅಧಿಕೃತ ಮಾನದಂಡವಾಯಿತು. 2003ರಲ್ಲಿ ಸೋಡಿಪೋಡಿ ಎಂಬ ವೆಕ್ಟರ್ ತಂತ್ರಾಂಶದಿಂದ ಕವಲೊಡೆದು ಇಂಕ್‌ಸ್ಕೇಪ್ ಹುಟ್ಟಿತು, ಅದರ 1.0 ಆವೃತ್ತಿ ಬಂದದ್ದು 2020ರ ಮೇ ತಿಂಗಳಲ್ಲಿ. ಪೂರ್ತಿ ಉಚಿತ, ಮೇಲಾಗಿ ಯುನಿಕೋಡ್ ಕನ್ನಡದ ಒತ್ತು, ಗುಣಿತಗಳನ್ನು ಸರಿಯಾಗಿ ಕೂಡಿಸುತ್ತದೆ. ಗುಬ್ಬಿ, ನವಿಲು, ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ ಮುಂತಾದ ಮುಕ್ತ ಫಾಂಟುಗಳೂ ಇವೆ. ಕೆಂಗೇರಿಯ ಬಾಡಿಗೆ ಕೋಣೆಯಲ್ಲಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಒಂದು ರೂಪಾಯಿ ಖರ್ಚಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. 'ಠ' ಅಕ್ಷರ ತೆಗೆದುಕೊಳ್ಳಿ. ಒಂದು ಬಳೆ, ನಡುವೆ ಒಂದು ಚುಕ್ಕಿ, ಮೇಲೊಂದು ತಲೆಕಟ್ಟು. ಕನ್ನಡ ಬಾರದವರೂ ಲೋಕದೆಲ್ಲೆಡೆ ಗುರಾಯಿಸುವ ಕಣ್ಣಾಗಿ ಬಳಸುವ ಅಕ್ಷರವಿದು. 3840×2160ರ ಹಾಳೆಯಲ್ಲಿ 400 ಪಿಕ್ಸೆಲ್ ತ್ರಿಜ್ಯದ ಬಳೆಗೆ ನಾಲ್ಕೇ ನೋಡ್ ಸಾಕು. ನೋಡ್‌ನಿಂದ ಹೊರಟು ಗೆರೆಯನ್ನು ಬಾಗಿಸುವ ಒಂದೊಂದು ಹಿಡಿಕೆಯ ಉದ್ದ ತ್ರಿಜ್ಯದ 0.5523 ಪಾಲು, ಅಂದರೆ ಸುಮಾರು 221 ಪಿಕ್ಸೆಲ್. ವಿಂಡೋಸ್‌ನಲ್ಲಿ ಐಕಾನುಗಳೂ ಉಬುಂಟುವಿನಲ್ಲಿ ಡಾಕ್ ಪಟ್ಟಿಯೂ ಎಡಕ್ಕೆ ಇರುವುದರಿಂದ ಅಕ್ಷರವನ್ನು ಬಲಕ್ಕೆ ಸರಿಸಬೇಕು, ಎಡದ ಮೂರರಲ್ಲೆರಡು ಪಾಲನ್ನು ಬರಿದೇ ಬಿಡಬೇಕು. ಹಿನ್ನೆಲೆಗೆ ಗ್ರೇಡಿಯಂಟ್ ಹಾಕುವವರು ಎಡವುವುದು ಇಲ್ಲೇ. 1920 ಪಿಕ್ಸೆಲ್ ಅಗಲದಲ್ಲಿ ಬಣ್ಣ ಬರೀ 20 ಮೆಟ್ಟಿಲು ಬದಲಾದರೆ ಒಂದೊಂದು ಮೆಟ್ಟಿಲು 96 ಪಿಕ್ಸೆಲ್ ಅಗಲದ ಪಟ್ಟೆಯಾಗಿ ಕಣ್ಣಿಗೆ ಹೊಡೆಯುತ್ತದೆ. ಫಿಲ್ಟರಿನಿಂದ ಮರಳಿನಂಥ ಸಣ್ಣ ಚುಕ್ಕಿಗಳನ್ನು ಉದುರಿಸಿದರೆ ಪಟ್ಟೆ ಕರಗುತ್ತದೆ. ಇಲ್ಲವೇ ಧೈರ್ಯ ಮಾಡಿ ಒಂದೇ ಬಣ್ಣ ಬಳಿಯಿರಿ. ನಾನಾದರೆ ಒಂದೇ ಬಣ್ಣದ ಪರ.

ವಸ್ತುವಿಗೂ ಕೊರತೆಯಿಲ್ಲ. ಬೆಂಗಳೂರು ಎಂದರೆ ವಿಧಾನಸೌಧದ ನೆರಳುಚಿತ್ರ ಎಂಬ ರೂಢಿ ಸಾಕಾಗಿದೆ. ವಿಜಯನಗರದ ಮೇಲೆ ಹಾದು 2021ರಲ್ಲಿ ಕೆಂಗೇರಿ ಮುಟ್ಟಿದ ಮೆಟ್ರೊದ ನೇರಳೆ ಗೆರೆ ಇದೆ, ರಾಜಾಜಿನಗರದ ಮೈಸೂರು ಸ್ಯಾಂಡಲ್ ಸೋಪ್ ಕಾರ್ಖಾನೆಯ ಶರಭವಿದೆ, ವೃಷಭಾವತಿಯ ತಿರುವುಗಳಿವೆ. ಇವನ್ನು ಮೂರು ಆಕಾರಗಳಲ್ಲಿ ಹೇಳುವ ಚಿತ್ರಗಳು ನಮಗೆ ಬೇಕು.

ಹಂಚುವ ರೀತಿಯೂ ಬದಲಾಗಬೇಕು. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಚಿತ್ರವನ್ನು ಹಿಂಡುತ್ತದೆ, ಗೆರೆಯ ಅಂಚು ಮಸುಕಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ. ಪಿಎನ್‌ಜಿ ಜತೆಗೆ ಮೂಲ ಎಸ್‌ವಿಜಿಯನ್ನೂ ಕೊಡಿ. 4ಕೆ ಚಿತ್ರ ಮೆಮೊರಿಯಲ್ಲಿ 24 ಎಂಬಿಯಷ್ಟು ಜಾಗ ತಿನ್ನುವಲ್ಲಿ ಠ ಅಕ್ಷರದ ಎಸ್‌ವಿಜಿ ಕೆಲವೇ ಕೆಬಿ. ಅದನ್ನು ಪಡೆದವರು ಫೋನಿಗೂ ಅಗಲ ಮಾನಿಟರಿಗೂ ತಾವೇ ಹೊಂದಿಸಿಕೊಳ್ಳುತ್ತಾರೆ. ಎರಡು ಪ್ರತಿ ಇಡುವುದು ಒಳ್ಳೆಯದು: ಪಠ್ಯವನ್ನು ಪಠ್ಯವಾಗಿಯೇ ಬಿಟ್ಟದ್ದು ಒಂದು, ಕರ್ವ್ ಮಾಡಿದ್ದು ಇನ್ನೊಂದು.