ಮೂವತ್ತು ಸೆಕೆಂಡಿನ ಸಾಕ್ಷಿ

ವಿಡಿಯೋ ಇರೋದು ಬರೀ ಮೂವತ್ತು ಸೆಕೆಂಡು. 2022ರ ದೀಪಾವಳಿಗೆ ಊರಿಗೆ ಹೋದಾಗ ಕಮಲಾಪುರದಲ್ಲಿ, ಚಿಗವ್ವನ ಮನೆಯ ಪಡಸಾಲೆಯಲ್ಲಿ ತೆಗೆದದ್ದು. ಕೈಯಲ್ಲಿ ಹಸಿರು ಡಬ್ಬಿ ಹಿಡಿದುಕೊಂಡು ನಾನು ಹೇಳುತ್ತೇನೆ: "ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ನಮ್ಮ ಮನೆಯವರೆಲ್ಲ ಈ ಪುಡಿ ಬಳಸುತ್ತಾರೆ. ಶುಗರ್ ಕಂಟ್ರೋಲಿಗೆ ಬಂದಿದೆ. ನೀವೂ ಒಮ್ಮೆ ಬಳಸಿ ನೋಡಿ."

ಚಿಗವ್ವ ಆಗಷ್ಟೇ ಒಂದು ಕಂಪನಿಯ ಏಜೆಂಟ್ ಆಗಿದ್ದಳು. ಡಬ್ಬಿಗೆ 2,400 ರೂಪಾಯಿ. ಅವರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ದಿನಕ್ಕೊಬ್ಬರ 'ಅನುಭವ' ಹಾಕಬೇಕಂತೆ. ಮಂಡಿನೋವು ಹೋದವರು, ತೂಕ ಇಳಿಸಿದವರು, ಸಾಲ ತೀರಿಸಿದವರು, ಎಲ್ಲರೂ ಅಲ್ಲಿದ್ದರು. "ತಮ್ಮಾ, ನೀ ಇಂಜಿನಿಯರ್ ಅದಿ. ನೀ ಒಂದ್ ಮಾತ್ ಹೇಳಿದ್ರ ಮಂದಿ ನಂಬ್ತಾರ" ಅಂದಳು. ನಾನು ಕಲಬುರಗಿಯಲ್ಲಿ ಹಾಸ್ಟೆಲಿನಲ್ಲಿದ್ದಾಗ ವಾರಕ್ಕೊಮ್ಮೆ ರೊಟ್ಟಿ, ಶೇಂಗಾ ಚಟ್ನಿ ಗಂಟು ಕಟ್ಟಿ ಬಸ್ ಕಂಡಕ್ಟರ್ ಕೈಲಿ ಕಳಿಸುತ್ತಿದ್ದವಳು ಆಕೆ. ಇಲ್ಲ ಅನ್ನೋದು ಹೇಗೆ? ಎರಡನೇ ಟೇಕಿಗೆ ಓಕೆ ಆಯಿತು. ಆ ಪುಡಿಯನ್ನು ನಾನು ಒಂದು ಚಮಚೆಯೂ ಬಾಯಿಗೆ ಹಾಕಿರಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಚಿಗವ್ವನ ಮಗ್ಗಲಮನಿ ಕಾಕಾನನ್ನು ಕಲಬುರಗಿಯ ಒಂದು ಆಸ್ಪತ್ರೆಗೆ ಸೇರಿಸಿದರು. ಸಕ್ಕರೆ ಕಾಯಿಲೆ ಹಳೆಯದು. ಮೂರು ಡಬ್ಬಿ ಪುಡಿ ಕೊಂಡಿದ್ದ, ಗುಳಿಗೆ ನಿಲ್ಲಿಸಿದ್ದ. ಕಾಲಿಗೆ ಆದ ಸಣ್ಣ ಗಾಯ ಕೊಳೆತು ಒಂದು ಬೆರಳು ತೆಗೆಯಬೇಕಾಯಿತು. ನೋಡಲು ಹೋದಾಗ ಅವನ ಮಗ ಮೊಬೈಲ್ ತೋರಿಸಿ, ಬೈಯುವ ದನಿಯಲ್ಲೇನೂ ಅಲ್ಲ, ಮಾಹಿತಿ ಕೊಡುವವನ ಹಾಗೆ ಹೇಳಿದ: "ಅಣ್ಣಾ, ಅಪ್ಪ ನಿಮ್ಮ ವಿಡಿಯೋ ನೋಡೇ ತಗೊಂಡಿದ್ದ."

ಅವತ್ತು ಸಂಜೆ ಹಾಸ್ಟೆಲಿನ ಹಳೆಯ ಗೆಳೆಯನೊಬ್ಬ ಚಹಾಕ್ಕೆ ಸಿಕ್ಕ. ಕಲಬುರಗಿಯ ಹೈಕೋರ್ಟ್ ಪೀಠದಲ್ಲಿ ವಕೀಲ. ಎಲ್ಲ ಕೇಳಿ ಅವನು ಅಂದದ್ದು ಇಷ್ಟು: "ನೀ ಸಾಕ್ಷಿ ಹೇಳ್ಲಿಕ್ಕೇ ಲಾಯಕ್ ಇಲ್ಲಪಾ. ಇದನ್ನ ಮರತೂರಿನಂವ ಒಂಬೈನೂರು ವರ್ಷದ ಹಿಂದೇ ಬರದಿಟ್ಟಾನ."

ಮರತೂರು ಅಂದರೆ ಕಲಬುರಗಿಯಿಂದ ಶಹಾಬಾದ್ ಕಡೆಗಿರುವ ಊರು. ಮರತೂರಿನವ ಅಂದರೆ ವಿಜ್ಞಾನೇಶ್ವರ. ಅವನ ಊರು ಅದೇ ಎಂದು ನಮ್ಮ ಕಡೆ ಶಾಲಾ ಮಕ್ಕಳಿಗೂ ಗೊತ್ತು. ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯ (1076–1126) ಆಳುತ್ತಿದ್ದ ಕಾಲದಲ್ಲಿ, ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದವನು. 1810ರಲ್ಲಿ ಕೋಲ್‌ಬ್ರೂಕ್ ಅದರ ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ ಬಂಗಾಳದ ಕಡೆಯನ್ನು ಬಿಟ್ಟು ಹೆಚ್ಚುಕಡಿಮೆ ಇಡೀ ದೇಶದ ಹಿಂದೂ ಆಸ್ತಿ ಪಾಲಿಗೆ ಅದೇ ಆಧಾರವಾಯಿತು. ಹಾಗಾಗಿ ಮಿತಾಕ್ಷರಾ ಅಂದ ಕೂಡಲೇ ನಮಗೆ ನೆನಪಾಗೋದು ಹೊಲದ ಪಾಲು, ಅಣ್ಣತಮ್ಮಂದಿರ ಜಗಳ. ಅದೇ ಪುಸ್ತಕದಲ್ಲಿ ಸಾಕ್ಷಿಗಳ ಬಗ್ಗೆ ಒಂದು ಇಡೀ ಪ್ರಕರಣ ಇದೆ ಅನ್ನೋದು ನನಗೆ ಗೊತ್ತಿರಲಿಲ್ಲ. ಬೆಂಗಳೂರಿಗೆ ವಾಪಸ್ ಬಂದು ಹುಡುಕಿ ಓದಿದೆ.

ಓದುತ್ತಾ ಗಮನಕ್ಕೆ ಬಂದ ಮೊದಲ ಸಂಗತಿ, ಅಲ್ಲಿ ಸಾಕ್ಷಿ ಏನು ಹೇಳಿದ ಅನ್ನೋದು ಆಮೇಲಿನ ಮಾತು. ಯಾರು ಸಾಕ್ಷಿ ಆಗಬಹುದು ಅನ್ನೋದು ಮೊದಲು. ಕನಿಷ್ಠ ಮೂವರು ಬೇಕು. ಒಬ್ಬನೇ ಆದರೆ ಅವನು ಧರ್ಮ ಬಲ್ಲವನಾಗಿರಬೇಕು, ಎರಡೂ ಪಕ್ಷದವರು ಒಪ್ಪಿದವನಾಗಿರಬೇಕು. ಆಮೇಲೆ ಸಾಕ್ಷಿ ಆಗಬಾರದವರ ಉದ್ದನೆಯ ಪಟ್ಟಿ ಬರುತ್ತದೆ: ಜೂಜುಕೋರ, ಕುಡುಕ, ಕಳ್ಳ, ವೈರಿ, ಸುಳ್ಳು ಪತ್ರ ಸೃಷ್ಟಿಸುವವ. ಹೆಂಗಸರು, ಮಕ್ಕಳು, ಮುದುಕರು, ನಟರು, ಬೇರೆ ಪಂಥದವರನ್ನೂ ಅದರಲ್ಲೇ ಸೇರಿಸಿದ್ದಾರೆ. ಆ ಕಾಲದ ಸಣ್ಣತನ ಎಂದು ಒಪ್ಪಿಕೊಂಡೇ ಮುಂದೆ ಹೋಗಬೇಕು. 1872ರ ಸಾಕ್ಷ್ಯ ಕಾಯ್ದೆ ಈ ಬಾಗಿಲನ್ನು ಎಲ್ಲರಿಗೂ ತೆರೆಯಿತು, ಮೂವರೇ ಬೇಕೆಂಬ ಲೆಕ್ಕವನ್ನೂ ಬಿಟ್ಟಿತು. ಒಳ್ಳೆಯದೇ ಆಯಿತು.

ಆದರೆ ಅದೇ ಪಟ್ಟಿಯ ನಡುವೆ ಮೂರು ಪದ ಒಟ್ಟಿಗೆ ಕೂತಿವೆ: ಆಪ್ತ, ಅರ್ಥಸಂಬಂಧಿ, ಸಹಾಯ. ವಿಜ್ಞಾನೇಶ್ವರ ಒಂದೊಂದಕ್ಕೂ ಚುಟುಕಾಗಿ ಅರ್ಥ ಹೇಳುತ್ತಾನೆ. ಆಪ್ತ ಎಂದರೆ ಸ್ನೇಹಿತ. ಅರ್ಥಸಂಬಂಧಿ ಎಂದರೆ ಯಾವುದರ ಬಗ್ಗೆ ತಕರಾರಿದೆಯೋ ಅದರಲ್ಲಿ ತನ್ನ ಸಂಬಂಧವೂ ಇರುವವನು. ಸಹಾಯ ಎಂದರೆ ಅದೇ ಕೆಲಸದಲ್ಲಿ ಜೊತೆಗಾರ. ಚಿಗವ್ವನ ಗ್ರೂಪನ್ನು ಇದಕ್ಕಿಂತ ಚೊಕ್ಕವಾಗಿ ಯಾರೂ ವರ್ಣಿಸಲಾರರು. ಅಲ್ಲಿ ಅನುಭವ ಹೇಳುವವರೆಲ್ಲ ಒಂದೋ ಒಬ್ಬರಿಗೊಬ್ಬರು ಆಪ್ತರು, ಇಲ್ಲ ಡಬ್ಬಿ ಹೋದರೆ ಕಮಿಷನ್ ಬರುವ ಅರ್ಥಸಂಬಂಧಿಗಳು, ಇಲ್ಲ ಮೇಲಿನ ಕೆಳಗಿನ ಸಾಲಿನ ಜೊತೆಗಾರರು. ಇನ್ನೂರು ಜನರ ಗ್ರೂಪಿನಲ್ಲಿ ಆ ಮೂರು ಜರಡಿ ದಾಟಿ ಉಳಿಯುವ ಸಾಕ್ಷಿ ಒಬ್ಬನೂ ಇಲ್ಲ. ಅವರು ಸುಳ್ಳುಗಾರರು ಅಂತಲ್ಲ. ಚಿಗವ್ವ ಆ ಪುಡಿಯನ್ನು ನಿಜವಾಗಿ ನಂಬಿದ್ದಳು, ದಿನಾ ಕುಡಿಯುತ್ತಿದ್ದಳು. ನಂಬಿಕೆ ಎಷ್ಟೇ ಖರೆ ಇದ್ದರೂ ಮಾರುವವಳು ಆಕೆಯೇ ಆದಮೇಲೆ ಸಾಕ್ಷಿಯ ಕಟ್ಟೆ ಹತ್ತುವಂತಿಲ್ಲ.

ಸುಳ್ಳು ಸಾಕ್ಷಿ ಹೇಳಿದರೆ? ವ್ಯಾಜ್ಯದಲ್ಲಿ ಸೋತವನಿಗೆ ಹಾಕುವ ದಂಡದ ಎರಡು ಪಟ್ಟು ದಂಡ. ಸಾಕ್ಷಿಗೆ ಮಾತ್ರವಲ್ಲ, ದುಡ್ಡು ಕಾಸು ಕೊಟ್ಟು ಸಾಕ್ಷಿಯನ್ನು ಹಾಗೆ ತಯಾರು ಮಾಡಿದವನಿಗೂ ಪ್ರತ್ಯೇಕವಾಗಿ ಅಷ್ಟೇ. ಇನ್ನು ಸುಳ್ಳುಗಾರನನ್ನು ಗುರುತು ಹಿಡಿಯಲು ಲಕ್ಷಣಗಳನ್ನೂ ಕೊಟ್ಟಿದ್ದಾರೆ: ನಿಂತಲ್ಲಿ ನಿಲ್ಲುವುದಿಲ್ಲ, ತುಟಿಯಂಚು ನೆಕ್ಕುತ್ತಾನೆ, ಹಣೆ ಬೆವರುತ್ತದೆ, ಮುಖದ ಬಣ್ಣ ಕೆಡುತ್ತದೆ. ನನ್ನ ವಿಡಿಯೋ ಮತ್ತೆ ಹಾಕಿ ನೋಡಿದೆ. ಹಣೆ ಒಣಗಿತ್ತು. ಎರಡನೇ ಟೇಕ್ ಅಲ್ಲವೇ.

ತಮಾಷೆ ಏನೆಂದರೆ, ಇಷ್ಟೆಲ್ಲ ಬರೆದ ವಿಜ್ಞಾನೇಶ್ವರನೇ ಗ್ರಂಥದ ಕೊನೆಗೆ ಕಲ್ಯಾಣ ಪಟ್ಟಣವನ್ನು, ವಿಕ್ರಮ ರಾಜನನ್ನು, ಜೊತೆಗೆ ತನ್ನನ್ನೂ ಸೇರಿಸಿ ಮೂರಕ್ಕೂ ಲೋಕದಲ್ಲಿ ಸಾಟಿ ಇಲ್ಲವೆಂದು ಹೊಗಳಿದ್ದಾನೆ. ರಾಜನ ಆಶ್ರಯದಲ್ಲಿದ್ದವನು ರಾಜನಿಗೆ ಕೊಟ್ಟ ಫೈವ್ ಸ್ಟಾರ್! ಅದೇ ಆಸ್ಥಾನಕ್ಕೆ ಕಾಶ್ಮೀರದಿಂದ ಬಂದ ಬಿಲ್ಹಣ 'ವಿಕ್ರಮಾಂಕದೇವಚರಿತ' ಎಂಬ ಇಡೀ ಕಾವ್ಯವನ್ನೇ ಬರೆದ. ಇತಿಹಾಸಕಾರರು ಅದನ್ನು ಬಿಸಾಡುವುದಿಲ್ಲ. ಶಾಸನಗಳ ಪಕ್ಕ ಇಟ್ಟು, ಎಲ್ಲಿ ಹೊಗಳಿಕೆ ಎಲ್ಲಿ ಸಂಗತಿ ಎಂದು ಸೋಸಿಕೊಂಡು ಓದುತ್ತಾರೆ.

ಹೊಗಳಿಕೆಗೆ ಅಚ್ಚಿನ ಯಂತ್ರ ಸಿಕ್ಕ ಮೇಲಂತೂ ಅದು ದೊಡ್ಡ ವ್ಯಾಪಾರವೇ ಆಯಿತು. ಅಮೆರಿಕದ ಲಿನ್ ಎಂಬ ಊರಿನ ಲಿಡಿಯಾ ಪಿಂಕ್‌ಹ್ಯಾಮ್ ಹೆಸರಿನ ಔಷಧಿ 1875ರಿಂದ ಹೆಂಗಸರಲ್ಲಿ ಭಾರಿ ಹೆಸರು ಮಾಡಿತ್ತು. ಬಾಟಲಿಯಲ್ಲಿ ಗಿಡಮೂಲಿಕೆಯ ಜೊತೆ ಸಾಕಷ್ಟು ಮದ್ಯಸಾರವೂ ಇರುತ್ತಿತ್ತು. ಗುಣವಾದವರ ಪತ್ರಗಳನ್ನು ಪತ್ರಿಕೆಗಳಲ್ಲಿ ಅಚ್ಚು ಹಾಕಿಸೋರು, ನಿಮ್ಮ ಕಷ್ಟವನ್ನು ಶ್ರೀಮತಿ ಪಿಂಕ್‌ಹ್ಯಾಮ್ ಅವರಿಗೆ ಬರೆಯಿರಿ ಎಂದು ಕರೆಯೋರು. ಹೆಂಗಸರು ಗಂಡನಿಗೂ ಡಾಕ್ಟರಿಗೂ ಹೇಳಲಾಗದ್ದನ್ನು ಬರೆದು ಕಳಿಸೋರು. 1905ರಲ್ಲಿ ಎಡ್ವರ್ಡ್ ಬಾಕ್ ಎಂಬ ಸಂಪಾದಕ ತನ್ನ ಪತ್ರಿಕೆಯಲ್ಲಿ ಆಕೆಯ ಸಮಾಧಿಕಲ್ಲಿನ ಫೋಟೋ ಹಾಕಿದ. ಆಕೆ ತೀರಿಕೊಂಡದ್ದು 1883ರಲ್ಲಿ! ಇಪ್ಪತ್ತು ವರ್ಷ ಜನ ಕಾಗದ ಬರೆದದ್ದು ಗೋರಿಗೆ. ಅದರ ಮರುವರ್ಷ ಅಮೆರಿಕದಲ್ಲಿ ಆಹಾರ, ಔಷಧಿಗಳ ಕಾಯ್ದೆ ಬಂತು.

ನಮ್ಮಲ್ಲಿ ಪತ್ರಗಳಿಗಿಂತ ಮುಖಗಳು ಹೆಚ್ಚು ಕೆಲಸ ಮಾಡಿದವು. 1941ರಲ್ಲಿ ಲಕ್ಸ್ ಸೋಪಿನ ಜಾಹೀರಾತಿನಲ್ಲಿ ಕಾಣಿಸಿಕೊಂಡ ಮೊದಲ ಭಾರತೀಯ ನಟಿ ಲೀಲಾ ಚಿಟ್ನಿಸ್, ನಮ್ಮ ಧಾರವಾಡದಲ್ಲಿ ಹುಟ್ಟಿದಾಕೆ. ಆದರೆ ನಟಿಗೆ ದುಡ್ಡು ಕೊಟ್ಟಿದ್ದಾರೆ ಅನ್ನೋದು ನೋಡುವವನಿಗೂ ಒಳಗೊಳಗೆ ಗೊತ್ತಿರುತ್ತದೆ. ಚಿಗವ್ವನ ಅಕ್ಕನ ಮಗ ಇಂಜಿನಿಯರ್ ಹೇಳಿದ ಅಂದರೆ ಆ ಅನುಮಾನವೂ ಇಲ್ಲ. ಕಂಪನಿಗೆ ನಟಿ ಬೇಡ, ನಾನೇ ಸಾಕು.

ಕಾಯ್ದೆಗಳೇನೋ ಇವೆ. 1954ರ 'ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್' ಕಾಯ್ದೆ ಔಷಧಿಯಿಂದ ಇಂಥಿಂಥ ರೋಗ ವಾಸಿಯಾಗುತ್ತದೆ ಎಂದು ಸಾರುವುದನ್ನೇ ತಡೆಯುತ್ತದೆ, ಆ ಪಟ್ಟಿಯಲ್ಲಿ ಡಯಾಬಿಟಿಸ್ ಇದೆ. ಬಾಯಿಮಾತಿನಲ್ಲಿ ಹೇಳಿದರೂ, ಬೆಳಕು, ಶಬ್ದ, ಹೊಗೆಯ ಮೂಲಕ ಸಾರಿದರೂ ಅದು ಜಾಹೀರಾತೇ. ಹೊಗೆಯನ್ನೂ ಬಿಡದೆ ಬರೆದ ಆ ಪುಣ್ಯಾತ್ಮರು ವಾಟ್ಸ್‌ಆ್ಯಪ್ ಕಂಡಿರಲಿಲ್ಲ ಅಷ್ಟೆ. ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ 'ಇದು ಔಷಧಿಯಲ್ಲ' ಎಂದು ಅಚ್ಚಾಗಿದ್ದದ್ದು ಯಾಕೆಂದು ಆಗ ಹೊಳೆಯಿತು. ರೋಗದ ಮಾತು ಡಬ್ಬಿ ಆಡುವುದಿಲ್ಲ, ನಮ್ಮ ಬಾಯಲ್ಲಿ ಆಡಿಸುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ದನಿಯಾದವರಿಗೂ 10 ಲಕ್ಷದವರೆಗೆ ದಂಡವಿದೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ. 2021ರ ಡಿಸೆಂಬರಿನಲ್ಲಿ ಬಂದ ನೇರ ಮಾರಾಟದ ನಿಯಮಗಳು, ಇನ್ನಷ್ಟು ಜನರನ್ನು ಕರೆತಂದರೆ ಹಾಕಿದ ದುಡ್ಡು ವಾಪಸ್ ಬರುತ್ತದೆ ಎಂದು ಆಸೆ ತೋರಿಸಿ ಮಾರಬಾರದು ಅನ್ನುತ್ತವೆ. 2022ರ ಜೂನಿನ ಮಾರ್ಗಸೂಚಿ ಪ್ರಕಾರ ವಸ್ತುವನ್ನು ಹೊಗಳುವವನಿಗೆ ಅದರ ಬಗ್ಗೆ ಸಾಕಷ್ಟು ಮಾಹಿತಿ ಅಥವಾ ಅನುಭವ ಇರಬೇಕು, ಕಂಪನಿಯ ಜೊತೆ ನಂಟಿದ್ದರೆ ಬಾಯಿಬಿಟ್ಟು ಹೇಳಬೇಕು. ಅರ್ಥಸಂಬಂಧಿಯನ್ನು ಹೊರಗೆ ಕಳಿಸುವ ಬದಲು ಎದೆಗೆ ಚೀಟಿ ಅಂಟಿಸಿಕೊಂಡು ಮಾತಾಡು ಅಂದ ಹಾಗೆ. ಅದೇ ವರ್ಷ ನವೆಂಬರಿನಲ್ಲಿ ಆನ್‌ಲೈನ್ ವಿಮರ್ಶೆಗಳಿಗೆ ಐಎಸ್ 19000 ಎಂಬ ಮಾನದಂಡವೂ ಬಂತು, ಪಾಲಿಸುವುದು ಬಿಡುವುದು ಕಂಪನಿಗಳ ಇಚ್ಛೆ.

ಇಲ್ಲಿ ನನ್ನ ಕಸುಬಿನ ಗುಟ್ಟೊಂದನ್ನು ಹೇಳಬೇಕು. ಹಿಂದೆ ಒಂದು ಕಂಪನಿಯಲ್ಲಿ ರಿವ್ಯೂ ವಿಭಾಗದ ಕೋಡ್ ಬರೆದಿದ್ದೇನೆ. 'ವೆರಿಫೈಡ್' ಎಂದು ಹಸಿರು ಟಿಕ್ ಬರುತ್ತದಲ್ಲ, ಅದಕ್ಕೆ ನಾವು ನೋಡುತ್ತಿದ್ದದ್ದು ಒಂದೇ: ಆ ಖಾತೆಯಿಂದ ಆ ವಸ್ತುವಿನ ಆರ್ಡರ್ ಇದೆಯಾ? ಕೊಂಡವನಿಗೆ ಹಿಂಬಾಗಿಲಿನಿಂದ ದುಡ್ಡು ವಾಪಸ್ ಹೋಯಿತಾ, ಡಬ್ಬಿ ಒಡೆದನಾ, ಬಳಸಿದನಾ, ಇದ್ಯಾವುದಕ್ಕೂ ನಮ್ಮ ಡೇಟಾಬೇಸಿನಲ್ಲಿ ಕಾಲಂ ಇರಲಿಲ್ಲ. ನೀವು ದಿನಾ ಆ ಟಿಕ್ ನೋಡಿ ಸಾಮಾನು ಕೊಳ್ಳುತ್ತೀರಿ, ನಾನೂ ಕೊಳ್ಳುತ್ತೇನೆ. ಕಲಬುರಗಿಯ ಗಂಜಿನಲ್ಲಿ ತೊಗರಿ ಕೊಳ್ಳುವವನು ಮಾತ್ರ ಇವತ್ತಿಗೂ ರೈತ ಆಣೆ ಮಾಡಿ ಹೇಳಿದರೂ ಚೀಲಕ್ಕೆ ಕೈ ಹಾಕಿ, ಕಾಳನ್ನು ಅಂಗೈಯಲ್ಲಿ ಹರವಿ ನೋಡದೆ ದರ ಹೇಳುವುದಿಲ್ಲ. ತೊಗರಿಯನ್ನು ಕಣ್ಣಿಂದ ನೋಡಬಹುದು, ಹಲ್ಲಲ್ಲಿ ಕಡಿಯಬಹುದು. ರಕ್ತದ ಸಕ್ಕರೆಯನ್ನು ಹಾಗೆ ನೋಡಲು ಬರುವುದಿಲ್ಲ. ಬೇಕಿದ್ದ ಸಾಕ್ಷಿ ಸೂಪರ್ ಮಾರ್ಕೆಟ್ ಹತ್ತಿರದ ಯಾವುದಾದರೂ ಲ್ಯಾಬಿನ ಚೀಟಿಯಲ್ಲಿತ್ತು. ಕಾಕಾನಿಗೆ ಅದನ್ನು ಮಾಡಿಸು ಅಂತ ಗ್ರೂಪಿನಲ್ಲಿ ಯಾರೂ ಹೇಳಲಿಲ್ಲ, ನಾನೂ ಹೇಳಿರಲಿಲ್ಲ.

ವಿಡಿಯೋ ತೆಗೆಸಲು ಓಡಾಡಿದೆ. ಚಿಗವ್ವ ಅತ್ತುಕೊಂಡು ತನ್ನ ಗ್ರೂಪಿನಿಂದ ಅಳಿಸಿದಳು. ಅಷ್ಟರಲ್ಲಿ ಅದು ಬೀದರ್, ಸೇಡಂ, ಜಹೀರಾಬಾದ್ ಕಡೆಯ ಗ್ರೂಪುಗಳಿಗೆ ಹೋಗಿತ್ತು. ಒಂದು ಗ್ರೂಪಿಗೆ ನಾನೇ ಸೇರಿ 'ನಾನು ಇದನ್ನು ಯಾವತ್ತೂ ಬಳಸಿಲ್ಲ, ದಯವಿಟ್ಟು ತೆಗೆಯಿರಿ' ಎಂದು ಬರೆದೆ. ಎರಡು ನಿಮಿಷದಲ್ಲಿ ನನ್ನನ್ನು ಹೊರಗೆ ಹಾಕಿದರು, ವಿಡಿಯೋ ಒಳಗೇ ಉಳಿಯಿತು.

ಆಮೇಲೆ ಬೇಸಿಗೆ ರಜೆಗೆ ಕಮಲಾಪುರಕ್ಕೆ ಹೋದೆ. ಕಾಕಾ ಮನೆ ಮುಂದಿನ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದ. ಅವನದೂ ಕೆಂಪು ಬಾಳೆಯ ತೋಟ. ಕಮಲಾಪುರದ ಕೆಂಪು ಬಾಳೆಗೆ ಜಿಐ ಮಾನ್ಯತೆ ಇದೆ, ಆದರೆ ಊರವರು ಹಣ್ಣು ಕೊಳ್ಳುವಾಗ ಕೇಳೋದು ಯಾರ ತೋಟದ್ದು ಅಂತಲೇ. ಲಕೋಟೆಯಲ್ಲಿ 14,400 ರೂಪಾಯಿ ಇಟ್ಟುಕೊಂಡು ಹೋಗಿದ್ದೆ. ಮೂರು ಡಬ್ಬಿಯ ಎರಡು ಪಟ್ಟು. ಶಾಸ್ತ್ರದ ಪ್ರಕಾರ ದಂಡ ಹೋಗಬೇಕಾದದ್ದು ರಾಜನಿಗೆ, ಮೋಸ ಹೋದವನಿಗಲ್ಲ. ಇರಲಿ, ನನಗೆ ತಿಳಿದ ಲೆಕ್ಕ ಅದೊಂದೇ.

"ನೀ ಕುಡ್ದಿದ್ದೇನಪಾ ಅದನ್ನ?" ಕಾಕಾ ಕೇಳಿದ.

"ಇಲ್ಲರಿ ಕಾಕಾ."

ಅವನು ಸ್ವಲ್ಪ ಹೊತ್ತು ರಸ್ತೆ ಕಡೆ ನೋಡಿದ. ಆಮೇಲೆ ಲಕೋಟೆ ಬಿಚ್ಚಿ, ಬೆರಳಿಗೆ ಉಗುಳು ಹಚ್ಚಿಕೊಂಡು ನೋಟು ಎಣಿಸಿದ. 7,200 ಅಂಗಿ ಕಿಸೆಯಲ್ಲಿ ಇಟ್ಟುಕೊಂಡು ಉಳಿದದ್ದನ್ನು ನನ್ನ ಕೈಗೆ ತುರುಕಿದ.

"ನಂದು ಇಷ್ಟ. ಇದನ್ನ ನಿಮ್ಮ ಚಿಗವ್ವಗ ಕೊಡು. ಆಕಿ ಮನ್ಯಾಗ ಇನ್ನಾ ಎಂಟ್ ಡಬ್ಬಿ ಬಿದ್ದಾವ."